ಊರಿನವರಾಗುವುದು ಯಾವಾಗ?



ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಪತ್ನಿಯೊಡನೆ ಬೆಂಗಳೂರು ಬಿಟ್ಟು ಮಲೆನಾಡಿನ ನಮ್ಮ ಪುಟ್ಟ ಧರ್ಮಕೇಂದ್ರಕ್ಕೆ ಬಂದು ನೆಲೆಸಿದರು. ಇಲ್ಲಿರುವುದು 42 ಕುಟುಂಬಗಳು. ಎಂಟು ತಿಂಗಳಾದ ಮೇಲೆ ಒಂದು ಸಂಜೆ ನನ್ನ ಬಳಿ ಬಂದು, "ಫಾದರ್, ಈ ಊರಿನವರು ನಮ್ಮನ್ನು ಹತ್ತಿರ ಸೇರಿಸುವುದಿಲ್ಲ. ತಪ್ಪು ಯಾರದು?" ಎಂದು ಕೇಳಿದರು. ತಾಳ್ಮೆಯಿಂದಿರಿ ಎಂದು ಹೇಳಿ ಕಳುಹಿಸಿದೆ. ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ.

ಧರ್ಮಸಭೆಯ ಕಾನೂನನ್ನು ಕೇಳಿದರೆ ವಿಷಯ ಸುಲಭ. 1983ರ ಕಾನೂನು ಸಂಹಿತೆಯ 102ನೇ ವಿಧಿಯಂತೆ, ಇಲ್ಲೇ ಕಾಯಂ ಇರುತ್ತೇನೆಂಬ ಉದ್ದೇಶದಿಂದ ಬಂದು ವಾಸಿಸುವವನು ಅಂದಿನಿಂದಲೇ ಅಲ್ಲಿಯ ನಿವಾಸಿ; ಆ ಉದ್ದೇಶವಿಲ್ಲದವನೂ 5 ವರ್ಷ ಪೂರ್ತಿ ಇದ್ದರೆ ನಿವಾಸಿಯೇ. ಆದರೆ ಜನರ ಮನಸ್ಸು ಕಾನೂನು ಓದಿಕೊಂಡು ತೆರೆಯುವುದಿಲ್ಲ. ಜೊತೆಯಲ್ಲಿ ಉಪ್ಪು ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಹಳೆಯ ಗಾದೆಯನ್ನು ಅರಿಸ್ಟಾಟಲ್ ಸ್ನೇಹದ ಬಗ್ಗೆ ಬರೆಯುವಾಗ ನೆನೆಯುತ್ತಾನೆ. ಉಪ್ಪಿಗೆ ಸಮಯ ಬೇಕು.

ಈ ಹಿರಿಯರು ಮೊದಲ ಪಾಲನಾ ಸಮಿತಿಯ ಸಭೆಯಲ್ಲೇ ಸ್ಮಶಾನ ನಿಧಿಯ ಲೆಕ್ಕ ಸರಿಯಿಲ್ಲ ಎಂದರು. "ನಮ್ಮ ಬೆಂಗಳೂರಿನ ಚರ್ಚಿನಲ್ಲಿ..." ಎಂದು ಮೂರು ಸಲ ಹೇಳಿದರು. ಯಾರೂ ಮಾತಾಡಲಿಲ್ಲ. ಅವರು ಹೇಳಿದ್ದೇನೋ ನಿಜ. ಆ ಲೆಕ್ಕವೆಲ್ಲ ಒಬ್ಬರ ಜೇಬಿನ ಡೈರಿಯಲ್ಲಿತ್ತು. ಗೊತ್ತಿದ್ದೂ ನಾನು ಸುಮ್ಮನಿದ್ದೆ.

ಸಂತ ಬೆನೆಡಿಕ್ಟರು 6ನೇ ಶತಮಾನದಲ್ಲಿ ಬರೆದ ನಿಯಮಾವಳಿಯ 61ನೇ ಅಧ್ಯಾಯ ದೂರದಿಂದ ಬಂದ ಸನ್ಯಾಸಿಯನ್ನು ಕುರಿತದ್ದು. ಬಂದವನು ಆ ಮಠದ ರೀತಿನೀತಿಗೆ ಹೊಂದಿಕೊಂಡು, ಸಿಕ್ಕಿದ್ದರಲ್ಲಿ ತೃಪ್ತನಾಗಿರಬೇಕು. ಆದರೆ ಅವನು ವಿನಯದಿಂದ, ನ್ಯಾಯವಾಗಿ ಒಂದು ಕುಂದನ್ನು ತೋರಿಸಿದರೆ, ಪ್ರಭು ಅವನನ್ನು ಕಳುಹಿಸಿದ್ದೇ ಅದಕ್ಕಾಗಿ ಇರಬಹುದೇ ಎಂದು ಮಠಾಧಿಪತಿ ಯೋಚಿಸಬೇಕು. ಮೊದಲರ್ಧವನ್ನು ಹೊಸಬರಿಗೆ ಬೋಧಿಸುವುದು ನಮಗೆ ಬಲು ಇಷ್ಟ. ಉಳಿದರ್ಧ ಹಳಬರಿಗೆ, ನನ್ನಂಥ ಗುರುಗಳಿಗೆ.

ನಿವೃತ್ತರ ಕಷ್ಟ ಇನ್ನೊಂದು ಬಗೆಯದು. ಮೂವತ್ತೈದು ವರ್ಷ ಬೇರೆಯವರು ಅವರ ಮೇಜಿನ ಮುಂದೆ ಕಾದು ನಿಂತಿದ್ದರು. ತಾನು ಉಪಯೋಗಕ್ಕೆ ಬಂದರೆ ಮಾತ್ರ ತನಗೆ ಬೆಲೆ ಎಂಬುದು ಅವರಿಗೆ ರೂಢಿಯಾಗಿಬಿಟ್ಟಿದೆ. ಆದ್ದರಿಂದ ಸಲಹೆ ಕೊಡುತ್ತಾರೆ, ಕಾಣಿಕೆ ಕೊಡುತ್ತಾರೆ. ಯಾರಿಂದಲೂ ಏನನ್ನೂ ಕೇಳುವುದಿಲ್ಲ. ಯಾರ ಹಂಗೂ ಬೇಡವೆನ್ನುವವರ ಮನೆ ಬಾಗಿಲನ್ನು ನೆರೆಯವರಾದರೂ ಯಾವ ನೆಪದಲ್ಲಿ ತಟ್ಟಿಯಾರು? ಸಮಾರ್ಯದ ಬಾವಿಯ ಬಳಿ ಯೇಸು ಬೋಧನೆಯಿಂದ ಆರಂಭಿಸಲಿಲ್ಲ, ಕುಡಿಯಲು ನೀರು ಕೇಳಿದರು. ಜಕ್ಕಾಯನ ಮನೆಗೂ ತಾವಾಗಿಯೇ ಅತಿಥಿಯಾದರು.

ಇದನ್ನು ಮೊದಲು ಅರಿತವರು ಆ ಮನೆಯ ಅಮ್ಮನವರು. ಜುಲೈ ಮಳೆಗೆ ನಾಲ್ಕು ದಿನ ಕರೆಂಟಿಲ್ಲ, ಗ್ಯಾಸೂ ಮುಗಿಯಿತು. ಅವರು ಕೊಡೆ ಹಿಡಿದು ಪಕ್ಕದ ಮನೆಗೆ ಹೋಗಿ ಸೌದೆ ಕೇಳಿದರು. ಆ ಮನೆಯಾಕೆ ಒಣ ಸೌದೆಯೊಡನೆ ತಾವೇ ಬಂದು ಬಚ್ಚಲೊಲೆ ಹೊತ್ತಿಸಿಕೊಟ್ಟರಂತೆ, ಪಟ್ಟಣದವರಿಗೆ ಊದುಕೊಳವೆ ಹಿಡಿಯಲೂ ಬಾರದೆಂದು ನಗುತ್ತಾ. ಅಕ್ಟೋಬರಿನಲ್ಲಿ ಅದೇ ನೆರೆಮನೆಯಲ್ಲಿ ಸಾವಾಯಿತು. ಒಲೆ ಹೊತ್ತದ ಆ ಮನೆಗೆ ಮೊದಲು ಗಂಜಿ ಒಯ್ದವರು ಈ ದಂಪತಿಗಳು.

ಈಗ ಸ್ಮಶಾನ ನಿಧಿಗೆ ಲೆಕ್ಕದ ಪುಸ್ತಕ ಬಂದಿದೆ. ಬರೆಯುವವರು ಡೈರಿಯ ಹಳೆಯ ಯಜಮಾನರೇ. ಕೂಡಿಸಿ ನೋಡುವವರು ನಮ್ಮ ಬ್ಯಾಂಕಿನ ಹಿರಿಯರು. ತಿಂಗಳಿಗೊಮ್ಮೆ ಇಬ್ಬರಿಗೂ ಸಣ್ಣ ಜಗಳ ತಪ್ಪದು. "ಬೆಂಗಳೂರಿನವರು" ಎಂಬ ಹೆಸರು ಮಾತ್ರ ಇನ್ನೂ ಹೋಗಿಲ್ಲ.