ಕಿವಿಗೆ ಕೊಡುವ ಬೆಲೆ

ವಸ್ತುವೊಂದರ ಬೆಲೆ ಹೆಚ್ಚೋ ಕಡಿಮೆಯೋ ಎಂಬುದು ಮೇಲ್ನೋಟಕ್ಕೆ ಅಂಗಡಿಯ ಪ್ರಶ್ನೆ. ಆದರೆ ಗೃಹಸ್ಥನು ತನ್ನ ಭೋಗೋಪಭೋಗಗಳಿಗೆ ತಾನೇ ಒಂದು ಪರಿಮಾಣವನ್ನು ಗೊತ್ತುಮಾಡಿಕೊಳ್ಳಬೇಕೆಂದು ಬಗೆಯುವವರಿಗೆ ಅದು ಮನೆಯೊಳಗಿನ ಪ್ರಶ್ನೆಯೂ ಆಗಿರುತ್ತದೆ. ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಮನೆಗಳಲ್ಲಿ ಈಚೆಗೆ ಇಂತಹ ಚರ್ಚೆಯನ್ನು ಎಬ್ಬಿಸಿರುವ ವಸ್ತು, ತಂತಿಯಿಲ್ಲದ ದುಬಾರಿ ಹೆಡ್‌ಫೋನ್. ಮಗನೋ ಮಗಳೋ ಬೆಂಗಳೂರಿನಿಂದ ಬರುವಾಗ ಕಿವಿಯ ಮೇಲೆ ಧರಿಸಿಕೊಂಡು ಬಂದದ್ದರ ಬೆಲೆ ಮೂವತ್ತು ಸಾವಿರ ರೂಪಾಯಿ ಎಂದು ತಿಳಿದೊಡನೆ ಹಿರಿಯರು ಒಂದು ಕ್ಷಣ ಮಾತಿಲ್ಲದವರಾಗುತ್ತಾರೆ. ಬಳಿಕ ಅಷ್ಟು ಹಣಕ್ಕೆ ಎಷ್ಟು ಕಿಲೋ ಅಡಿಕೆ ಮಾರಬೇಕೆಂಬ ಲೆಕ್ಕ ತೊಡಗುತ್ತದೆ. ಹಳದಿ ಎಲೆ ರೋಗದಿಂದ ತೋಟ ಸೊರಗಿರುವ ಸಂಪಾಜೆ, ಅರಂತೋಡು ಕಡೆಯ ಮನೆಗಳಲ್ಲಂತೂ ಇದು ಸಣ್ಣ ಲೆಕ್ಕವಲ್ಲ.

ಈ ವಿಷಯವನ್ನು ‘ಕಾಲ ಕೆಟ್ಟಿತು’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. 2020ರಲ್ಲಿ ಕೋವಿಡ್ ಬಂದಾಗ ಶಾಲೆಯೂ ಕಚೇರಿಯೂ ಮನೆಯ ಜಗಲಿಗೆ ಬಂದವು. 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಬಳಿಯ ಒಂದು ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದು ವಾಚಕರಿಗೆ ನೆನಪಿರಬಹುದು. ಮೊಬೈಲ್ ಸಂಕೇತ ಸಿಗುವ ರಸ್ತೆಯ ಬದಿಯಲ್ಲಿ, ಮಳೆಯಲ್ಲಿ, ಆನ್‌ಲೈನ್ ಪಾಠ ಕೇಳುತ್ತ ಕುಳಿತ ಮಗಳಿಗೆ ತಂದೆ ಕೊಡೆ ಹಿಡಿದು ನಿಂತಿದ್ದರು. ಅಲ್ಲಿ ಕೇಳುವುದೆಂಬುದು ಭೋಗವಾಗಿರಲಿಲ್ಲ, ವಿದ್ಯೆಯಾಗಿತ್ತು. ಅಂತಹ ಮಕ್ಕಳ ಕಿವಿಗೆ ಗುರುಗಳ ಮಾತು ಸ್ಪಷ್ಟವಾಗಿ ತಲುಪಲು ನೆರವಾಗುವ ಯಾವ ಸಾಧನವನ್ನೂ ವಿಲಾಸವೆನ್ನಲಾಗದು. ಆದುದರಿಂದ ನಮ್ಮ ಪ್ರಶ್ನೆ ಹೆಡ್‌ಫೋನ್ ಬೇಕೇ ಬೇಡವೇ ಎಂಬುದಲ್ಲ. ಸಾವಿರದ ಐನೂರು ರೂಪಾಯಿಗೆ ದೊರೆಯುವ ವಸ್ತುವಿಗೂ ಮೂವತ್ತು ಸಾವಿರದ ವಸ್ತುವಿಗೂ ನಡುವಣ ಆ ದೊಡ್ಡ ಅಂತರದಲ್ಲಿ ನಾವು ಕೊಳ್ಳುವುದೇನು ಎಂಬುದೇ ಪ್ರಶ್ನೆ. ಸೋನಿ ಸಂಸ್ಥೆ 2020ರಲ್ಲಿ ಭಾರತಕ್ಕೆ ತಂದ ಒಂದು ಮಾದರಿಗೆ 29,990 ರೂಪಾಯಿ ಇತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಆ್ಯಪಲ್ ಸಂಸ್ಥೆ ಏರ್‌ಪಾಡ್ಸ್ ಮ್ಯಾಕ್ಸ್ ಎಂಬುದಕ್ಕೆ 59,900 ರೂಪಾಯಿ ಇಟ್ಟಿತು.

ಮೊದಲು ನಾದದ ಮಾತು. ಹೆಚ್ಚು ಹಣಕ್ಕೆ ಹೆಚ್ಚು ಒಳ್ಳೆಯ ನಾದವೆಂಬುದು ಮಾರುವವರ ಮೊದಲ ವಾದ. ಯೆರೂನ್ ಬ್ರೀಬಾರ್ಟ್ ಎಂಬ ವಿಜ್ಞಾನಿ 283 ಹೆಡ್‌ಫೋನುಗಳನ್ನು ಅಳತೆಗೆ ಒಡ್ಡಿ, ಮಂದ್ರದಿಂದ ತಾರದವರೆಗಿನ ಸ್ವರಗಳನ್ನು ಅವು ಯಾವ ಪ್ರಮಾಣದಲ್ಲಿ ಕೇಳಿಸುತ್ತವೆಂಬುದಕ್ಕೂ ಅವುಗಳ ಬೆಲೆಗೂ ಸಂಬಂಧವೇ ಕಾಣಲಿಲ್ಲವೆಂದು 2017ರಲ್ಲಿ ಪ್ರಕಟಿಸಿದರು. ಅಗ್ಗದ್ದೆಲ್ಲ ಒಳ್ಳೆಯದೆಂದು ಇದರ ಅರ್ಥವಲ್ಲ. ಬೆಲೆಯ ಚೀಟಿಯನ್ನು ನೋಡಿ ನಾದವನ್ನು ಊಹಿಸಲು ಬಾರದು ಎಂದಷ್ಟೇ ಅರ್ಥ.

ಇನ್ನು ನಮ್ಮ ಕಡೆಯವರು ಕೇಳುವುದಾದರೂ ಏನನ್ನು? ಇದು ತಾಳಮದ್ದಳೆಯ ಸೀಮೆ. ವೇಷವಿಲ್ಲದೆ, ಕುಣಿತವಿಲ್ಲದೆ, ಬರಿಯ ಮಾತು ಮತ್ತು ಹಾಡಿನಿಂದ ಇಡೀ ರಾತ್ರಿಯನ್ನು ತುಂಬುವ ಈ ಕಲೆ ಕಿವಿಯನ್ನೇ ನಂಬಿದ್ದು. ಸುಳ್ಯದ ಚೊಕ್ಕಾಡಿಯ ಕಡೆಯವರಾದ ದೇರಾಜೆ ಸೀತಾರಾಮಯ್ಯನವರ ಅಥವಾ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಹಳೆಯ ಧ್ವನಿಮುದ್ರಣಗಳಲ್ಲಿ ಹುಡುಕಿ ಕೇಳುವ ತರುಣರು ಇಂದಿಗೂ ಇದ್ದಾರೆ, ಅದು ಸಂತೋಷದ ವಿಷಯ. ಆದರೆ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದು ಬಂದ ಧ್ವನಿಯಲ್ಲಿ ಮೊದಲೇ ಕಳೆದುಹೋದುದನ್ನು ಯಾವ ಹೆಡ್‌ಫೋನೂ ಮರಳಿ ತಂದುಕೊಡಲಾರದು. ಉತ್ತಮವಾದ ಹೆಡ್‌ಫೋನ್ ಮಾಡುವುದೇನೆಂದರೆ ಅರ್ಥಧಾರಿಯ ಮಾತಿನ ಜೊತೆಗೆ ಹಿಂಬದಿಯ ಗುಂಯ್‌ಗುಡುವಿಕೆಯನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿಸುವುದು!

ಬಾಳಿಕೆಯ ಮಾತೂ ಇದೆ. ಕಿವಿಯೊಳಗೆ ಸಿಕ್ಕಿಸುವ ಸಣ್ಣ ಮಾದರಿಗಳಲ್ಲಿ ಲಿಥಿಯಂ ಬ್ಯಾಟರಿಯನ್ನು ಅಂಟಿನಿಂದ ಮುಚ್ಚಿರುತ್ತಾರೆ. ನಿತ್ಯ ಬಳಸಿದರೆ ಎರಡು ಮೂರು ವರ್ಷಗಳಲ್ಲಿ ಅದರ ಶಕ್ತಿ ಕುಗ್ಗುತ್ತದೆ. ಬದಲಿಸಲು ಸಾಮಾನ್ಯವಾಗಿ ಅವಕಾಶವಿಲ್ಲ. ತಂತಿಯ ಹೆಡ್‌ಫೋನಿಗೆ ಈ ಆಯುಷ್ಯದ ಗಡುವೇ ಇರಲಿಲ್ಲ. ದೊಡ್ಡ ಮಾದರಿಗಳ ಬ್ಯಾಟರಿ ಇನ್ನಷ್ಟು ಕಾಲ ಬಾಳಬಹುದು. ಆದರೆ ನಾಲ್ಕು ತಿಂಗಳ ನಮ್ಮ ಮಳೆಗಾಲದಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಹಿಡಿಯುವ ಬೂಷ್ಟು ಕಿವಿಯ ಮೆತ್ತೆಗೂ ಹಿಡಿಯುತ್ತದೆ. ಮೇಲಿನ ಕೃತಕ ಚರ್ಮ ಸಿಪ್ಪೆಯಂತೆ ಏಳುತ್ತದೆ. ಮಾರುವವನು ಒಂದು ಲೆಕ್ಕ ಹೇಳುತ್ತಾನೆ: ಮೂವತ್ತು ಸಾವಿರವನ್ನು ಮೂರು ವರ್ಷಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತೇಳು ರೂಪಾಯಿ, ಎರಡು ಚಹಾದ ಹಣ. ಈ ಭಾಗಾಕಾರವನ್ನು ಎಚ್ಚರದಿಂದ ನೋಡಬೇಕು. ದಿನಗಳಿಂದ ಭಾಗಿಸಿದರೆ ಸಣ್ಣದಾಗದ ಖರ್ಚು ಲೋಕದಲ್ಲಿ ಯಾವುದೂ ಇಲ್ಲ. ಅಷ್ಟೇ ಅಲ್ಲ, ದಿನವೂ ಬಳಸಿದರೆ ಮಾತ್ರ ಲೆಕ್ಕ ಸರಿಹೋಗುವುದರಿಂದ, ಕೊಂಡವನು ದಿನವೂ ಕಿವಿಯನ್ನು ಮುಚ್ಚಿಕೊಳ್ಳಬೇಕಾಗುತ್ತದೆ. ಖರ್ಚನ್ನು ಸಮರ್ಥಿಸಲು ಭೋಗವನ್ನು ಹೆಚ್ಚಿಸುವ ವಿಚಿತ್ರ ಗಣಿತವಿದು.

ಹಾಗಾದರೆ ಹೆಚ್ಚಿನ ಹಣಕ್ಕೆ ನಿಜವಾಗಿ ದೊರೆಯುವುದೇನು? ಮುಖ್ಯವಾಗಿ ನಿಶ್ಶಬ್ದ. ಹೊರಗಿನ ಸದ್ದನ್ನು ಪುಟ್ಟ ಮೈಕಿನಿಂದ ಗ್ರಹಿಸಿ, ಅದಕ್ಕೆ ಸರಿಯಾಗಿ ವಿರುದ್ಧವಾದ ತರಂಗವನ್ನು ಕಿವಿಯೊಳಗೆ ಹೊರಡಿಸಿ, ಎರಡೂ ಒಂದನ್ನೊಂದು ಅಳಿಸಿಹಾಕುವಂತೆ ಮಾಡುವ ವಿದ್ಯೆ ಇದು. ಬಂಗಾಳ ಮೂಲದ ತಂದೆಯ ಮಗನಾಗಿ ಅಮೆರಿಕದಲ್ಲಿ ಹುಟ್ಟಿದ ಅಮರ್ ಬೋಸ್ ಅವರು 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗುವ ವಿಮಾನದಲ್ಲಿ ಎಂಜಿನಿನ ಮೊರೆತದಿಂದ ಬೇಸತ್ತು ಇದರ ಗಣಿತವನ್ನು ಆರಂಭಿಸಿದರು. ವಿಮಾನ ಚಾಲಕರಿಗಾಗಿ ಅವರ ಸಂಸ್ಥೆಯ ಸಾಧನ ಹೊರಬಂದದ್ದು 1989ರಲ್ಲಿ. ಒಂದೇ ಸಮನೆ ಮೊರೆಯುವ ಮಂದ್ರದ ಸದ್ದಿಗೆ ಈ ಉಪಾಯ ಬಹಳ ಸೊಗಸಾಗಿ ಒದಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳನ್ನು ದಾಟಿ ಊರಿಗೆ ಬರುವ ತರುಣನಿಗೆ ರೈಲಿನ ಗಡಗಡ ಅರ್ಧಕ್ಕರ್ಧ ಇಳಿದಂತೆ ಅನಿಸುವುದು ಸುಳ್ಳಲ್ಲ. ಗದ್ದಲವನ್ನು ಮೀರಿಸಲು ಹಾಡಿನ ಸದ್ದನ್ನು ಏರಿಸಬೇಕಾಗಿಲ್ಲವಾದ್ದರಿಂದ ಕಿವಿಗೂ ಅದು ಹಿತ. ಆದರೆ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಬೀಳುವ ಸದ್ದು, ನಾಯಿ ಬೊಗಳುವುದು, ಪಾತ್ರೆ ಬೀಳುವುದು, ಇವುಗಳ ಎದುರು ಆ ವಿದ್ಯೆ ಬಹಳ ನಡೆಯದು. ಮನೆಯಿಂದ ಕಚೇರಿಯ ಕೆಲಸ ಮಾಡುವವರಿಗೆ ಇದಕ್ಕಿಂತ ಮುಖ್ಯವಾದದ್ದು, ತಮ್ಮ ಮಾತನ್ನು ಆಚೆಯವರಿಗೆ ಮುಟ್ಟಿಸುವ ಮೈಕು. ಅದಕ್ಕಾಗಿ ಮೂವತ್ತು ಸಾವಿರ ಬೇಕಿಲ್ಲ.

ನನ್ನ ಸೋದರಳಿಯನೊಬ್ಬ ಇಂತಹ ಒಂದನ್ನು ಕೊಂಡು ತಂದಿದ್ದ. “ಮಾವ, ಇದನ್ನು ಹಾಕಿಕೊಂಡರೆ ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಶಬ್ದ ಎಲ್ಲಿಯೋ ದೂರದಲ್ಲಿ ಕೇಳಿದ ಹಾಗೆ ಆಗುತ್ತದೆ, ನೀವೇ ನೋಡಿ,” ಎಂದು ನನ್ನ ಕಿವಿಗೂ ಇಟ್ಟ. ಅವನು ಹೇಳಿದುದು ನಿಜವಾಗಿತ್ತು. ಯಂತ್ರದ ಮೊರೆತ ಬೆಟ್ಟದಾಚೆಗೆ ಸರಿದಂತಾಯಿತು. ಕಿಟಕಿಯಿಂದ ನೋಡಿದರೆ ಯಂತ್ರವನ್ನು ಹೆಗಲಿಗೆ ತೂಗಿಕೊಂಡವನು ಅಡಿಕೆ ಮರಗಳ ನಡುವೆ ಹಾಗೆಯೇ ಇದ್ದ. ತಲೆಗೊಂದು ಮುಟ್ಟಾಳೆ, ಕಿವಿಗೆ ಏನೂ ಇಲ್ಲ.

ಈ ಬರಹದ ಪ್ರಶ್ನೆ ನನಗೆ ಅಲ್ಲಿ ಸ್ಪಷ್ಟವಾಯಿತು. ಪುತ್ತೂರು ಸುಳ್ಯದ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ತೋಟದಷ್ಟು ಅಂತರ; ನಿಶ್ಶಬ್ದವೆಂಬುದು ಇಲ್ಲಿ ಹಣ ಕೊಡದೆ ದೊರೆಯುತ್ತಿದ್ದ ವಸ್ತು. ಯಂತ್ರ ಬಂದದ್ದು ಆಳುಗಳ ಅಭಾವದಿಂದ, ನಮ್ಮ ತೋಟದ ಕೆಲಸಕ್ಕಾಗಿ, ನಮ್ಮ ಅಪ್ಪಣೆಯಿಂದ. ಅದರ ಸದ್ದು ನಮ್ಮದೇ. ದುಬಾರಿ ಹೆಡ್‌ಫೋನ್ ಆ ಸದ್ದನ್ನು ಜಗತ್ತಿನಿಂದ ಕಳೆಯುವುದಿಲ್ಲ. ಹಣ ಕೊಟ್ಟವನ ಎರಡು ಕಿವಿಗಳಿಂದ ಮಾತ್ರ ಕಳೆಯುತ್ತದೆ. ಪೆಟ್ರೋಲ್ ಯಂತ್ರದ ಸದ್ದು ಅದನ್ನು ಹಿಡಿದವನ ಕಿವಿಯ ಬಳಿ ಸಾಮಾನ್ಯವಾಗಿ 90 ಡೆಸಿಬೆಲ್ ಮೀರಿರುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆಯಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು. ಅಲ್ಲಿಂದ ಮುಂದೆ ಪ್ರತಿ ಮೂರು ಡೆಸಿಬೆಲ್‌ಗೆ ಅವಧಿ ಅರ್ಧಕ್ಕೆ ಇಳಿಯುತ್ತದೆ. 91ಕ್ಕೆ ಎರಡು ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕೇವಲ ಹದಿನೈದು ನಿಮಿಷ. ಕಿವಿಯ ಒಳಗಿನ ಶಂಖದಲ್ಲಿ ಹುಟ್ಟಿನಿಂದ ಬಂದ ರೋಮಕೋಶಗಳು ಸುಮಾರು 15,000. ಸತ್ತವು ಮತ್ತೆ ಹುಟ್ಟುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಯಂತ್ರ ಹಿಡಿಯುವವನು ಕೂಲಿಯ ಜೊತೆಗೆ ಏನನ್ನು ಕೊಟ್ಟು ಹೋಗುತ್ತಾನೆಂಬುದನ್ನು ನಾವು ಯಾವ ಪುಸ್ತಕದಲ್ಲಿಯೂ ಬರೆದಿಡುವುದಿಲ್ಲ. ಅವನ ಕಿವಿಯನ್ನು ಮುಚ್ಚಬಲ್ಲ ಸಾಧಾರಣ ಕಿವಿಗವಸಿನ ಬೆಲೆ ಕೆಲವು ನೂರು ರೂಪಾಯಿ. ಅದರಲ್ಲಿ ವಿದ್ಯುತ್ತಿಲ್ಲ, ಬ್ಯಾಟರಿಯಿಲ್ಲ, ಸಂಗೀತವಿಲ್ಲ. ಇಪ್ಪತ್ತು ಡೆಸಿಬೆಲ್‌ನಷ್ಟು ಸದ್ದನ್ನು ತಡೆಯುವ ಗುಣ ಮಾತ್ರ ಇದೆ.

ಮೂವತ್ತು ಸಾವಿರದ ಹೆಡ್‌ಫೋನ್ ತಕ್ಕ ಬೆಲೆಯದೇ ಎಂದು ಯಾರಾದರೂ ಕೇಳಿದರೆ, ಈ ಕೆಲವು ನೂರು ರೂಪಾಯಿ ಮೊದಲು ಖರ್ಚಾಗಿದೆಯೇ ಎಂದು ನಾನು ಮರುಪ್ರಶ್ನೆ ಕೇಳುತ್ತೇನೆ. ಅದು ಆಗದಿರುವ ಮನೆಯಲ್ಲಿ ದುಬಾರಿಯದು ಯಾವ ಬೆಲೆಗೂ ತಕ್ಕದ್ದಲ್ಲ. ಆಗಿರುವ ಮನೆಯಲ್ಲಿ ಮಾತು ಬೇರೆ; ಅಲ್ಲಿ ಉಳಿಯುವುದು ಕೊಂಡವನ ಮನಸ್ಸಿನ ಪರೀಕ್ಷೆ ಮಾತ್ರ. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನ ಬೆಲೆಯಿಂದ ಅಳೆಯದೆ ಮೂರ್ಛೆಯಿಂದ, ಎಂದರೆ ವಸ್ತುವಿನಲ್ಲಿ ಮನಸ್ಸು ಸಿಕ್ಕಿಬೀಳುವುದರಿಂದ ಅಳೆಯುತ್ತದೆ. ಹೀಗೆ ನೋಡಿದರೆ ಐನೂರು ರೂಪಾಯಿಯ ಮೂರು ನಾಲ್ಕು ಜೊತೆಗಳನ್ನು ಡ್ರಾಯರಿನಲ್ಲಿ ತುಂಬಿಕೊಂಡು ಐದನೆಯದನ್ನು ಹುಡುಕುವವನಿಗಿಂತ, ಒಂದೇ ಒಂದನ್ನು ಕೊಂಡು ಅದು ಕೆಡುವವರೆಗೂ ಬಳಸುವವನು ಮೇಲು. ಭೋಗೋಪಭೋಗ ಪರಿಮಾಣದ ಕ್ರಮ ಇಲ್ಲಿ ನೇರವಾಗಿ ಒದಗುತ್ತದೆ: ಒಬ್ಬರಿಗೆ ಒಂದು, ಹೊಸ ಮಾದರಿ ಬಂತೆಂದು ಬದಲಾವಣೆಯಿಲ್ಲ, ಹಳೆಯದು ನಿಂತರೆ ಮಾತ್ರ. ಇಂತಹ ನಿಯಮವನ್ನು ಕೊಳ್ಳುವ ಮುನ್ನವೇ ಮಾಡಿಕೊಳ್ಳಬೇಕು. ಪೆಟ್ಟಿಗೆ ತೆರೆದ ಮೇಲೆ ಮಾಡಿಕೊಂಡ ನಿಯಮ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅನರ್ಥದಂಡಗಳಲ್ಲಿ ದುಃಶ್ರುತಿ ಎಂಬುದನ್ನೂ ಎಣಿಸಿದ್ದಾರೆ. ಆದರೆ ಅದು ಕೇಳುವ ವಿಷಯಕ್ಕೆ ಸಂಬಂಧಿಸಿದ್ದು; ಅಗ್ಗದ ಸಾಧನದಲ್ಲಿ ಕೇಳಿದ ಕೆಟ್ಟ ಮಾತು ಅಗ್ಗವಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ, ದುಬಾರಿಯ ಪಕ್ಷದಲ್ಲಿ ಇರುವ ಒಂದು ಬಲವಾದ ಸಂಗತಿಯನ್ನು ಬಿಟ್ಟರೆ ತಪ್ಪಾದೀತು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಆ್ಯಪಲ್‌ನ ಒಂದು ನಿಸ್ತಂತು ಹೆಡ್‌ಫೋನನ್ನು ತಂತ್ರಾಂಶದ ನೆರವಿನಿಂದ ಶ್ರವಣ ಸಾಧನವಾಗಿ ಬಳಸಲು ಒಪ್ಪಿಗೆ ನೀಡಿತು. ಅದು ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಕಿವುಡಿರುವ ವಯಸ್ಕರಿಗೆ. ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರ ಕಿವಿ ಮಂದವಾದರೆ ‘ವಯಸ್ಸಾಯಿತು’ ಎಂದು ಬಿಟ್ಟುಬಿಡುವುದೇ ಹೆಚ್ಚು. ಶ್ರವಣ ಸಾಧನಕ್ಕೆ ಇಪ್ಪತ್ತು ಸಾವಿರವೆಂದರೆ ‘ಈ ಪ್ರಾಯದಲ್ಲಿ ಏಕೆ’ ಎನ್ನುತ್ತಾರೆ. ಹಾಗೆನ್ನುವವರು ಆ ಹಿರಿಯರೇ ಆಗಿರುವುದೂ ಉಂಟು. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಒಮ್ಮೆ ಪರೀಕ್ಷೆ ಮಾಡಿಸಿದರೆ ಕಿವಿಯ ಸ್ಥಿತಿ ತಿಳಿಯುತ್ತದೆ. ಮಾತು ಕೇಳಿಸದ ಹಿರಿಯರು ಮೊದಲು ನಗುವುದನ್ನು ಬಿಡುತ್ತಾರೆ, ಬಳಿಕ ಜಗಲಿಗೆ ಬರುವುದನ್ನು ಬಿಡುತ್ತಾರೆ. ಅವರಿಗಾಗಿ ವ್ಯಯವಾಗುವ ಮೂವತ್ತು ಸಾವಿರವನ್ನು ಮೊಮ್ಮಗನ ಮೂವತ್ತು ಸಾವಿರದ ಪಕ್ಕದಲ್ಲಿಟ್ಟು ತೂಗುವ ಅಗತ್ಯವೇ ನನಗೆ ಕಾಣುವುದಿಲ್ಲ. ಒಂದೇ ಮನೆಯಲ್ಲಿ ಕಿವಿ ಕೇಳಿಸದವರೊಬ್ಬರು, ಕೇಳಿಸುವ ಕಿವಿಯನ್ನು ಮುಚ್ಚಿಕೊಂಡವರೊಬ್ಬರು. ಅಜ್ಜಿ ಮೂರು ಸಲ ಕರೆದರೂ ಮೊಮ್ಮಗನಿಂದ ಓಗೊಡುವಿಕೆಯಿಲ್ಲ, ಅವನು ಉತ್ತರ ಕೊಟ್ಟರೆ ಅಜ್ಜಿಗೆ ಕೇಳುವುದಿಲ್ಲ.

ಕಿವಿಗವಸಿನ ವಿಷಯವೂ ಕೊಂಡುಕೊಟ್ಟೊಡನೆ ಮುಗಿಯುವಂತಹದಲ್ಲ. ತೋಟವುಳ್ಳ ಮನೆಗಳವರೂ ಬಸದಿಗಳ ಟ್ರಸ್ಟಿನವರೂ ಇದನ್ನು ತಿಳಿದಿರಬೇಕು. ನಮ್ಮ ಸೆಕೆಯಲ್ಲಿ ಅದರೊಳಗೆ ಬೆವರು ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಅದು ಕಿವಿಯಿಂದ ಕೊರಳಿಗೆ ಜಾರಿರುತ್ತದೆ. ಇಡೀ ದಿನ ಒಬ್ಬನೇ ಯಂತ್ರ ಹಿಡಿಯುವುದಕ್ಕಿಂತ ಇಬ್ಬರು ಸರದಿಯಲ್ಲಿ ಹಿಡಿದರೆ, ಮರದ ಬುಡದ ಹುಲ್ಲನ್ನು ಕತ್ತಿಗೇ ಬಿಟ್ಟರೆ, ಸದ್ದಿನ ಅವಧಿ ಕಡಿಮೆಯಾಗುತ್ತದೆ. ಕೂಲಿ ಸ್ವಲ್ಪ ಹೆಚ್ಚಾಗುತ್ತದೆ. ನಮ್ಮ ತೋಟದಲ್ಲಿ ಕೆಲಸ ಮಾಡುವವನಿಗೆ ಅದನ್ನು ಕೊಟ್ಟಾಗ ಅವನ ಆಕ್ಷೇಪ ಸೆಕೆಯದಾಗಿರಲಿಲ್ಲ. “ಇದು ಹಾಕಿದರೆ ನೀವು ಚಹಾಕ್ಕೆ ಕರೆದದ್ದು ಕೇಳುವುದಿಲ್ಲ, ಧಣಿಗಳೇ,” ಎಂದ. ಈಗ ಕರೆಯುವವರು ಮನೆಯ ಅಂಗಳದಿಂದ ಕೂಗುವುದಿಲ್ಲ. ತೋಟಕ್ಕೆ ಇಳಿದು, ಯಂತ್ರದ ತಿರುಗುವ ಅಲಗಿನಿಂದ ಹತ್ತು ಮಾರು ದೂರದಲ್ಲಿ, ಅವನ ಕಣ್ಣಿಗೆ ಬೀಳುವ ಕಡೆ ನಿಂತು ಕೈ ಎತ್ತುತ್ತಾರೆ.