ತಡೆದ ಮುಷ್ಟಿ

ಕರಾಟೆಯ ಕಪ್ಪು ಬೆಲ್ಟಿಗಾಗಿ ನಡೆಯುವ ಪರೀಕ್ಷೆಯಲ್ಲಿ, ಎಷ್ಟೋ ಪಂಥಗಳಲ್ಲಿ, ವಿಚಿತ್ರವಾದೊಂದು ಕಟ್ಟಳೆಯುಂಟು. ಎದುರಾಳಿಯ ಮುಖಕ್ಕೆ ಪೂರ್ಣಬಲದಿಂದ ಬೀಸಿದ ಮುಷ್ಟಿ ಒಂದಂಗುಲ ಈಚೆಗೇ ನಿಲ್ಲಬೇಕು. ತಗುಲಿದರೆ ತಪ್ಪು, ಅಳುಕಿ ದೂರದಲ್ಲೇ ತಡೆದರೂ ತಪ್ಪು. ಹೊಡೆಯಲು ಕಲಿತವನಿಗೆ ಹೊಡೆಯದಿರುವುದರಲ್ಲಿ ಪರೀಕ್ಷೆ!

ಇದು ಸಂಯಮವೋ, ಬರಿಯ ತೋಳಿನ ಅಭ್ಯಾಸವೋ? ವರ್ಷವರ್ಷವೂ ಉತ್ತರಪತ್ರಿಕೆ ತಿದ್ದುವ ನನಗೆ ಈ ಸಂಶಯ ಸಹಜ. ಅಹಿಂಸೆಯನ್ನು ಕುರಿತು ಸೊಗಸಾಗಿ ಬರೆದವನಿಗೆ ಅಂಕ ಕೊಡುತ್ತೇನೆ. ಅವನು ಮನೆಯಲ್ಲಿ ತಮ್ಮನನ್ನು ಬಡಿಯುವನೋ ಇಲ್ಲವೋ, ನಾನೇನು ಬಲ್ಲೆ? ಕರಾಟೆಯ ಪರೀಕ್ಷಕನದೂ ಇದೇ ಪಾಡು. ಅಲ್ಲಿ ಎದುರಾಳಿ ಬೈಯುವುದಿಲ್ಲ, ಹಂಗಿಸುವುದಿಲ್ಲ, ಬಾಗಿ ವಂದಿಸುತ್ತಾನೆ. ಕೋಪವೇ ಹುಟ್ಟದ ಕಡೆ ಅದನ್ನು ಗೆದ್ದದ್ದಕ್ಕೆ ಸಾಕ್ಷಿಯೆಲ್ಲಿ?

ಓಕಿನಾವದ ಹಳೆಯ ಗುರುಗಳಲ್ಲಿ ಬೆಲ್ಟುಗಳ ದರ್ಜೆಯೇ ಇರಲಿಲ್ಲ. ಜೂಡೋದಲ್ಲಿ ಕಾನೊ ಜಿಗೊರೊ ಅವರು 1883ರಲ್ಲಿ ‘ದಾನ್’ ಎಂಬ ದರ್ಜೆಯನ್ನು ಕೊಡತೊಡಗಿದರು. ಆ ಕ್ರಮವನ್ನು ಫುನಕೋಶಿ ಗಿಚಿನ್ ಅವರು 1924ರಲ್ಲಿ ಕರಾಟೆಗೆ ತಂದರು. ಅವರು ಮಾತ್ರ ತಮ್ಮ ಗುರುಗಳ ಬಳಿ ಮೂರೇ ಮೂರು ‘ಕತಾ’ಗಳಿಗೆ, ಎಂದರೆ ಮೂರು ವರಸೆಗಳಿಗೆ, ಹತ್ತು ವರ್ಷ ಸವೆಸಿದ್ದವರು. ಹತ್ತು ವರ್ಷ ಕಣ್ಣೆದುರು ಬೆಳೆದ ಶಿಷ್ಯನಿಗೆ ಪರೀಕ್ಷೆಯೇಕೆ ಬೇಕು? ಶಿಷ್ಯರು ನೂರಾರಾದಾಗ ಬೇರೆ ದಾರಿಯಿಲ್ಲವೆಂಬುದೂ ನಿಜವೇ. ಆದ್ದರಿಂದ ಪರೀಕ್ಷೆ ಬೇಡವೆನ್ನಲಾರೆ.

ಆದರೆ ಆ ಪರೀಕ್ಷಕರ ಸಾಲಿನಲ್ಲಿ ನನ್ನನ್ನು ಕೂರಿಸಿದರೆ, ತಡೆದ ಮುಷ್ಟಿಗಿಂತ ಅಕಸ್ಮಾತ್ತಾಗಿ ತಗುಲಿದ ಮುಷ್ಟಿಯನ್ನು ಕಾಯುತ್ತೇನೆ. ಅಷ್ಟು ವೇಗದಲ್ಲಿ ಒಂದಾದರೂ ತಗುಲದಿರದು. ಆಗ ಹೊಡೆದವನನ್ನು ಬಿಟ್ಟು, ಪೆಟ್ಟು ತಿಂದವನನ್ನು, ಅವನ ಮುಂದಿನ ಹೊಡೆತವನ್ನು ನೋಡುತ್ತೇನೆ.