ಕೈಯೊಡ್ಡುವವನ ಧರ್ಮ

ಕೊಡುವವನಿಗೆ ಧರ್ಮವುಂಟೆಂದು ಎಲ್ಲರೂ ಬಲ್ಲರು. ಕೈಯೊಡ್ಡುವವನಿಗೂ ಒಂದು ಧರ್ಮವುಂಟು, ಅದರ ಆಚರಣೆ ಇನ್ನೂ ಕಠಿಣವಾದುದು ಎಂಬುದನ್ನು ಆಲೋಚಿಸುವವರು ವಿರಳ. ಕೊಡುವಾಗ ಅಹಂಕಾರವು ಅಡಗಿ ಕುಳಿತಿರಬಲ್ಲುದು. ಕೊಳ್ಳುವಾಗ ಅದು ಹೊರಬಿದ್ದು ತನ್ನ ನಿಜರೂಪವನ್ನು ತೋರುತ್ತದೆ. ಇದಕ್ಕೆ ದೂರದೇಶದ ಒಂದು ಹೊಳೆಯ ದಡವು ಸಾಕ್ಷಿಯಾಗಿದೆ.

ಆಸ್ಟ್ರೇಲಿಯಾ ಖಂಡದ ಒಳನಾಡು ಬಹುಮಟ್ಟಿಗೆ ಮರುಭೂಮಿ. ಅದರ ದಕ್ಷಿಣ ಭಾಗದ ಲಿಂಡ್‌ಹರ್ಸ್ಟ್ ಎಂಬ ಊರಿನಿಂದ ಸ್ಟ್ರೆಲೆಕ್ಕಿ ಮಾರ್ಗವನ್ನು ಹಿಡಿದ ಪ್ರವಾಸಿಯು 450 ಕಿಲೋಮೀಟರಿಗೂ ಹೆಚ್ಚು ದೂರ ಮರಳುದಿಣ್ಣೆಗಳನ್ನೂ ಕಲ್ಲುಬಯಲನ್ನೂ ಕಂಡು, ಇನ್ನಮಿಂಕ ಎಂಬ ಪುಟ್ಟ ವಸತಿಯ ಬಳಿ ಕೂಪರ್ ಕ್ರೀಕ್ ಎಂಬ ಹೊಳೆಯನ್ನು ಸೇರುತ್ತಾನೆ. ಈ ಹೊಳೆ ಸಮುದ್ರವನ್ನು ಮುಟ್ಟುವುದಿಲ್ಲ. ಮಹಾಪೂರದ ವರ್ಷಗಳಲ್ಲಿ ಮಾತ್ರ ಐರ್ ಸರೋವರದವರೆಗೆ ಹರಿದು, ಉಳಿದ ಕಾಲದಲ್ಲಿ ಮಡುಗಳ ಸಾಲಾಗಿ ನಿಲ್ಲುತ್ತದೆ. ವಾಹನವನ್ನು ನಿಲ್ಲಿಸಿ ಮರದ ನೆರಳಿನಲ್ಲಿ ಕುಳಿತವನಿಗೆ ನೀರೂ ನೀರುಹಕ್ಕಿಗಳೂ ಕಾಣುತ್ತವೆ. ಮಡುವಿನಲ್ಲಿ ಮೀನೂ ಉಂಟು. ಇಂಥ ದಡದಲ್ಲಿ ಮನುಷ್ಯರು ಆಹಾರವಿಲ್ಲದೆ ಸತ್ತರೆಂದರೆ ನಂಬುವುದು ಕಷ್ಟ.

ಆದರೆ ಅದು ನಡೆದ ಸಂಗತಿ. 1860ರಲ್ಲಿ ರಾಬರ್ಟ್ ಬರ್ಕ್ ಎಂಬಾತನ ನಾಯಕತ್ವದಲ್ಲಿ ದೊಡ್ಡದೊಂದು ತಂಡವು ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಮೆಲ್ಬರ್ನ್ ನಗರದಿಂದ ಹೊರಟಿತು. ಬರ್ಕ್, ವಿಲ್ಸ್, ಕಿಂಗ್, ಗ್ರೇ ಎಂಬ ನಾಲ್ವರು ಈ ಹೊಳೆಯ ಬಿಡಾರದಿಂದ ಮುಂದೆ ಸಾಗಿ ಉತ್ತರದ ಕಡಲಂಚಿನವರೆಗೆ ಹೋದರು. ಗ್ರೇ ಹಿಂತಿರುಗುವ ಹಾದಿಯಲ್ಲಿ ತೀರಿಕೊಂಡನು. ಉಳಿದ ಮೂವರು 1861ರ ಏಪ್ರಿಲ್ 21ರ ಸಂಜೆ ಬಿಡಾರಕ್ಕೆ ಬಂದರೆ, ಕಾದಿದ್ದವರು ಅದೇ ದಿನ ಬೆಳಿಗ್ಗೆ ಹೊರಟುಹೋಗಿದ್ದರು! ಲೋಕವು ಈ ದುರ್ದೈವವನ್ನೇ ಹೆಚ್ಚಾಗಿ ನೆನೆಯುತ್ತದೆ. ಆದರೆ ಅವರ ಅಳಿವಿಗೆ ದೈವವೊಂದೇ ಕಾರಣವೆ?

ಆ ಹೊಳೆಯು ನಿರ್ಜನವಾಗಿರಲಿಲ್ಲ. ಯಾಂಡ್ರುವಾಂಧ ಜನರು ತಲೆತಲಾಂತರದಿಂದ ಅಲ್ಲಿ ಬಾಳಿದ್ದರು. ಅವರು ಬಳಲಿದ ಪರಕೀಯರಿಗೆ ಮೀನನ್ನೂ, ನಾರ್ಡೂ ಎಂಬ ಜರಿಗಿಡದ ಬೀಜಕೋಶಗಳಿಂದ ಮಾಡಿದ ರೊಟ್ಟಿಯನ್ನೂ ನೀಡಿದರು. ಒಮ್ಮೆ ಅವರಲ್ಲೊಬ್ಬನು ಒಂದು ಮೇಣಗಪ್ಪಡದ ತುಂಡನ್ನು ಎತ್ತಿಕೊಂಡನೆಂದು ಬರ್ಕ್ ಅವನ ತಲೆಯ ಮೇಲಿಂದ ಗುಂಡು ಹಾರಿಸಿದನು. ಮತ್ತೆ ಅವರು ಬಲೆಗಳಲ್ಲಿ ಮೀನು ತಂದಾಗ, ಅವನ್ನು ಅವರ ಕೈಯಿಂದ ಹೊಡೆದು ಕೆಡವಿದನು. ಸಲಿಗೆ ಬೆಳೆದರೆ ಅವರು ಸದಾ ಬಿಡಾರದಲ್ಲಿಯೇ ಇರುವರೆಂದು ಆತನು ಅಂಜಿದನೆಂದು ಕಿಂಗ್ ಹೇಳಿದ್ದಾನೆ. ಅವರ ಮೀನನ್ನು ಉಂಡವನು ಅವರ ಸಾಮೀಪ್ಯವನ್ನು ಒಲ್ಲದಾದನು!

ಆ ಮೇಲೆ ಮೂವರೂ ನಾರ್ಡೂವನ್ನು ತಾವೇ ಆಯ್ದು ಅರೆದು ಉಂಡರು, ಉಂಡಷ್ಟೂ ಕೃಶರಾದರು. ಆ ಗಿಡದಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಅಂಶವೊಂದಿದೆ; ಅಲ್ಲಿನ ಜನರ ಪಾಕಕ್ರಮವು ಅದನ್ನು ತಗ್ಗಿಸುತ್ತಿತ್ತೆಂದು ಇತ್ತೀಚಿನ ಸಂಶೋಧಕರು ಅಭಿಪ್ರಾಯಪಡುತ್ತಾರೆ. ಕಾಳನ್ನು ಕೊಂಡು ಕ್ರಮವನ್ನು ಕೊಳ್ಳದಿದ್ದರೆ ಅನ್ನವೂ ವಿಷವಾಗುವುದೆಂಬುದಕ್ಕೆ ಬೇರೆ ನಿದರ್ಶನವೇಕೆ? ಬರ್ಕ್, ವಿಲ್ಸ್ ಇಬ್ಬರೂ ಆ ವರ್ಷದ ಜೂನ್ ಕೊನೆಯ ಹೊತ್ತಿಗೆ ಮಡಿದರು.

ಕಿಂಗ್ ಬದುಕಿದನು. ಅವನು ಅವರಿಗಿಂತ ಬಲಶಾಲಿಯೂ ಅಲ್ಲ, ಹೆಚ್ಚು ಓದಿದವನೂ ಅಲ್ಲ. ಆದರೆ ಆ ಜನರ ಬಳಿಗೆ ಹೋಗಿ, ಅವರು ಕೊಟ್ಟುದನ್ನು ಉಂಡು, ಅವರ ಗುಡಾರಗಳ ಬಳಿಯಲ್ಲಿಯೇ ಮಲಗಿದನು. ಹಕ್ಕಿಗಳನ್ನು ಹೊಡೆದು ತಂದು ಅವರಿಗೆ ಕೊಟ್ಟನು. ಒಬ್ಬ ಹೆಂಗಸಿನ ತೋಳಿನ ಹುಣ್ಣಿಗೆ ಮದ್ದು ಮಾಡಿದನು. ಸೆಪ್ಟೆಂಬರಿನಲ್ಲಿ ಹುಡುಕಲು ಬಂದ ಹೋವಿಟ್ಟನ ತಂಡಕ್ಕೆ ಅವನು ಜೀವಂತವಾಗಿ ದೊರೆತದ್ದು ಅವರ ನಡುವೆಯೇ.

ಪರಾವಲಂಬನವು ಹೀನವಲ್ಲವೆ ಎಂದು ಕೇಳಬಹುದು. ದುಡಿಯಬಲ್ಲವನು ದುಡಿಯದೆ ಬೇಡುವುದು ಹೀನವೇ ಸರಿ. ಆದರೆ ಬದಲಿಗೆ ತನ್ನಿಂದಾದುದನ್ನು ಸಲ್ಲಿಸಿ, ಕೊಟ್ಟವನೊಡನೆ ಸರಿಸಮನಾಗಿ ಕುಳಿತು ಉಣ್ಣುವುದು ಪರಾವಲಂಬನವಲ್ಲ, ಸಹಬಾಳ್ವೆ. ಬರ್ಕ್ ಸ್ವಾಭಿಮಾನವೆಂದು ತಿಳಿದುದು ಸ್ವಾಭಿಮಾನವಾಗಿರಲಿಲ್ಲ. ಕೊಡುವ ಕೈಯನ್ನು ಕೀಳೆಂದೆಣಿಸಿದ ಮದವಾಗಿತ್ತು.

ಆ ನೆಲದ ಮೇಲೆ ಯಾಂಡ್ರುವಾಂಧ ಮತ್ತು ಯಾವರ್‌ವರ್ಕ ಜನರಿಗಿರುವ ಹಕ್ಕನ್ನು 2015ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯವು ಮನ್ನಿಸಿತು. ಇಂದು ಆ ದಡದಲ್ಲಿ ಒಂದು ರಾತ್ರಿ ತಂಗುವ ಪ್ರವಾಸಿಯೂ ಪರರ ಮನೆಯ ಅಂಗಳದಲ್ಲಿ ಕುಳಿತಿರುವವನೇ. ಅವನು ಮಾತ್ರವೆ? ಹುಟ್ಟಿದಂದಿನಿಂದ ಪರರು ತೋಡಿದ ನೀರನ್ನು ಕುಡಿದು, ಪರರು ಕಲಿಸಿದ ಕ್ರಮದಲ್ಲಿ ಉಣ್ಣುವ ಮನುಷ್ಯರೆಲ್ಲರ ಸ್ಥಿತಿಯೂ ಅದೇ ಅಲ್ಲವೆ? ಇದನ್ನರಿತು ಬಾಗಿ ಕೈಯೊಡ್ಡುವವನು ಕುಗ್ಗುವುದಿಲ್ಲ.